ಕಾಟಾ ಆದ ಮಾತು

ಗಿರಿಮಲ್ಲಪ್ಪ ಬೀದಿಯಲ್ಲಿ ನಡೆದು ಬರುವುದನ್ನು ದೂರದಿಂದ ಕಂಡವರಿಗೆ ಅವನ ಮುಂದೊಂದು ನಾಯಿ ಇದ್ದೇ ಇದೆ ಅನ್ನಿಸುತ್ತಿತ್ತು. ಬಲಗೈ ಮುಷ್ಟಿ ಬಿಗಿದು ಮುಂದಕ್ಕೆ ಚಾಚಿರುತ್ತಿತ್ತು, ನಡು ಹಿಂದಕ್ಕೆ ಜಗ್ಗಿರುತ್ತಿತ್ತು, ಹಿಮ್ಮಡವನ್ನು ನೆಲಕ್ಕೆ ಊರಿ ಊರಿ, ಯಾವುದೋ ಬಲವಾದ ಜೀವವನ್ನು ತಡೆದು ಹಿಡಿದವನಂತೆ ಹೆಜ್ಜೆ ಇಡುತ್ತಿದ್ದ. ಹತ್ತಿರ ಬಂದಾಗ ನೋಡಿದರೆ ನಾಯಿಯೂ ಇಲ್ಲ, ಹಗ್ಗವೂ ಇಲ್ಲ. ಮುಷ್ಟಿಯೊಳಗೆ ಕೊತಂಬರಿಯ ಒಂದು ಸಿವುಡು. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಹೋಗುವಾಗಲೂ ಅದೇ ನಡಿಗೆ, ಹೆಣದ ಹಿಂದೆ ಹೋಗುವಾಗಲೂ ಅದೇ. ಹೆಂಡತಿ ಸಾವಿತ್ರೆವ್ವ ಇದರ ಬಗ್ಗೆ ಒಂದು ಮಾತು ಆಡುತ್ತಿದ್ದಳು. ನಗಿಸಲೆಂದೇ ಆಡಿದರೂ ಕೇಳಿದವರಿಗೆ ನಗು ಪೂರ್ತಿ ಬರುತ್ತಿರಲಿಲ್ಲ: "ಇವರನ್ನ ಒಂದು ನಾಯಿ ಎಳಕೊಂಡು ಹೊಂಟೈತಿ, ಇವರು ನನ್ನ ಎಳಕೊಂಡು ಹೊಂಟಾರ. ನಾಯಿ ಎಲ್ಲಿಗಿ ಹೊಂಟೈತಿ ಅಂತ ಯಾರೂ ಕೇಳಿಲ್ಲ."

ಮುಧೋಳದ ನಮ್ಮ ಓಣಿಯಲ್ಲಿ ಅವರ ಕಟ್ಟೆಗೂ ನಮ್ಮ ಕಟ್ಟೆಗೂ ನಡುವೆ ಒಂದು ಮೋಟುಗೋಡೆ. ಕೇಳಬೇಕೆಂದು ಕೂರದಿದ್ದರೂ ಕೇಳಿಸುತ್ತಿತ್ತು. ಗಿರಿಮಲ್ಲಪ್ಪ ಹರೆಯದಿಂದ ನಿವೃತ್ತಿಯವರೆಗೆ ದುಡಿದದ್ದು ಒಂದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ. ಕಬ್ಬು ಹೇರಿದ ಗಾಡಿ, ಟ್ರ್ಯಾಕ್ಟರುಗಳನ್ನು ಇಡಿಯಾಗಿ ತೂಗುವ ನೆಲದ ತಕ್ಕಡಿಗೆ ನಮ್ಮ ಸೀಮೆಯಲ್ಲಿ ಕಾಟಾ ಅನ್ನುತ್ತಾರೆ. ಗಾಡಿ ಹತ್ತಿ, ತೂಕ ಬಿದ್ದು, ಚೀಟಿ ಹರಿದು ಕೊಟ್ಟ ಮೇಲೆ ಕಬ್ಬಿನವನು ಎಷ್ಟೇ ಅಲವತ್ತುಕೊಂಡರೂ ಇವನು ತಲೆ ಎತ್ತದೆ "ಕಾಟಾ ಆತು" ಅನ್ನುವನು. ಅಲ್ಲಿಗೆ ಮುಗಿಯಿತು. ಕಾರ್ಖಾನೆ ಬಿಟ್ಟ ಮೇಲೂ ಆ ಮಾತು ಇವನ ಬೆನ್ನ ಹಿಂದೆಯೇ ಮನೆಗೆ ಬಂತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಮ್ಮೆ ಅಂದನೆಂದರೆ ಮನೆಮಂದಿಯೆಲ್ಲ ಉಂಡು ಇಲ್ಲವೆಂದರೂ ಕಾಟಾ ಆತು. ಇಂಥ ಡಾಕ್ಟರು ದಡ್ಡ ಎಂದರೆ, ಅದೇ ಡಾಕ್ಟರು ತನ್ನ ಜ್ವರ ಬಿಡಿಸಿದರೂ ಕಾಟಾ ಆತು. ಅವನ ತೂಕದಲ್ಲಿ ಮೋಸವಿತ್ತೆಂದು ಯಾರೂ ಅಂದದ್ದಿಲ್ಲ, ಅನ್ನುವಂತೆಯೂ ಇರಲಿಲ್ಲ. ರಾತ್ರಿಪಾಳಿಯ ಕಾಲದ ಬೂದು ಬಣ್ಣದ ಉಣ್ಣೆ ಕೋಟನ್ನು ವೈಶಾಖದ ಬಿಸಿಲಲ್ಲೂ ತೊಟ್ಟು, ಅದರ ಎಡ ಜೇಬಿನ ತುಂಬ ಒಣ ರೊಟ್ಟಿಯ ಚೂರು ತುಂಬಿಕೊಂಡು ಓಡಾಡುತ್ತಿದ್ದ ಆ ಮನುಷ್ಯನನ್ನು ಊರು ಗೌರವಿಸಿತು. ಅವನ ನಾಲಗೆಯನ್ನು ಕಂಡು ಹೆದರಿತು ಕೂಡ. ಊರಿಗೆ ಇವೆರಡರ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ರೊಟ್ಟಿಯ ಚೂರು ನಾಯಿಗಳಿಗಾಗಿ. ಮುಧೋಳದ ನಾಯಿಯೆಂದರೆ ಅವನಿಗೆ ಪ್ರಾಣ. ಉದ್ದ ಮೂತಿ, ಆಳವಾದ ಎದೆ, ಬಿಲ್ಲಿನಂತೆ ಬಾಗಿದ ಬೆನ್ನು, ತುದಿಯಲ್ಲಿ ಕುಡುಗೋಲಿನ ಹಾಗೆ ಮೇಲೆದ್ದ ಬಾಲ: ಇವುಗಳಲ್ಲಿ ಒಂದು ಕೂದಲೆಳೆ ಆಚೀಚೆಯಾದರೂ ಅವನ ಹುಬ್ಬು ಗಂಟಿಕ್ಕುತ್ತಿತ್ತು. ಎರಡು ಸಾವಿರದ ಐದರ ಸುಮಾರಿಗೆ ಬಸ್ ಸ್ಟ್ಯಾಂಡಿನ ಎದುರು ನೆಟ್ ಸೆಂಟರ್ ತೆರೆದಾಗ, ನಾಯಿ ಸಾಕುವವರದೇ ಒಂದು ಫೋರಂ ಇದೆಯೆಂದು ಯಾರೋ ತೋರಿಸಿಕೊಟ್ಟರು. ಪುಣೆ, ಕೊಲ್ಲಾಪುರ, ಹೈದರಾಬಾದಿನ ಮಂದಿ ಅಲ್ಲಿ ಪ್ರಶ್ನೆ ಕೇಳುತ್ತಿದ್ದರು, ಕನ್ನಡದವರಿಗೆಂದು ಅದರಲ್ಲೇ ಒಂದು ಮೂಲೆ ಇತ್ತು. ಗಿರಿಮಲ್ಲಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮಾತನ್ನು, ಕೋಳಿ ಕಾಳು ಹೆಕ್ಕಿದ ಹಾಗೆ ಒಂದೇ ಬೆರಳಿನಿಂದ ಹೆಕ್ಕಿ ಹೆಕ್ಕಿ ಬರೆಯತೊಡಗಿದ. ಮರಿಗೆ ಹುಳುವಾದರೆ ಏನು ಮಾಡಬೇಕು, ಈದ ನಾಯಿಗೆ ಯಾವ ನುಚ್ಚು ಹಾಕಬೇಕು, ಓಡಿ ಬಂದ ನಾಯಿಗೆ ಕೂಡಲೇ ಏಕೆ ನೀರು ಇಡಬಾರದು. ಕಣ್ಣಿಂದ ಕಾಣದ ಊರುಗಳ ಹುಡುಗರು ಅವನನ್ನು ಕಾಕಾ ಎಂದು ಕರೆದರು. ಬರೆದದ್ದನ್ನು ಸ್ವಲ್ಪ ಹೊತ್ತು ಬಿಟ್ಟರೆ ತಿದ್ದಲು ಬರುತ್ತಿರಲಿಲ್ಲ, ತೆಗೆಯಲೂ ಬರುತ್ತಿರಲಿಲ್ಲ. ಬೇಡವೆಂದರೆ ಹೆಸರನ್ನೇ ಕಿತ್ತುಕೊಂಡು, ಬರೆದದ್ದೆಲ್ಲವನ್ನೂ ಒಟ್ಟಿಗೆ ಅಳಿಸಿ ಹೊರಬೀಳಬೇಕು. ಈ ಕಟ್ಟಳೆ ಅವನಿಗೆ ಬಹಳ ಹಿಡಿಸಿತು. ಇದೂ ನಮ್ಮ ಕಾಟಾದ ಹಾಗೇ ಇದೆ ಎಂದು ಮನೆಗೆ ಬಂದು ಹೇಳಿದ. ಯಾರಾದರೂ ಎದುರು ವಾದಿಸಿದರೆ ಅಲ್ಲೂ 'ಕಾಟಾ ಆತು' ಎಂದು ಬರೆದು ಮುಗಿಸುತ್ತಿದ್ದ.

ರನ್ನ ಬೆಳಗಲಿಯ ಯಮನಪ್ಪ ಅವನ ಸಾಲಿಯ ಕಾಲದ ಗೆಳೆಯ. ಹೊಲವಿತ್ತು, ಒಳ್ಳೆಯ ನಾಯಿಗಳಿದ್ದವು, ಕಾವೇರಿ ಎಂಬ ಒಬ್ಬಳು ಮಗಳಿದ್ದಳು. ಗಿರಿಮಲ್ಲಪ್ಪ ತಿಂಗಳಿಗೆರಡು ಸಲವಾದರೂ ಅವನ ತೋಟದ ಮನೆಯಲ್ಲಿ ಉಂಡು ಬರುವನು. ಒಂದು ವರ್ಷ ಯಮನಪ್ಪನ ನಾಯಿ ಈಯಿತು. ಮರಿಗಳಲ್ಲಿ ಒಂದು ಹೆಣ್ಣಿನ ಮೂತಿ ತುಸು ಮೊಂಡಾಗಿದೆಯೆಂದು ಗಿರಿಮಲ್ಲಪ್ಪನ ಕಣ್ಣಿಗೆ ಕಂಡಿತು. ಅಲ್ಲಿ ಏನೂ ಅನ್ನಲಿಲ್ಲ, ಮಜ್ಜಿಗೆ ಕುಡಿದು ಎದ್ದು ಬಂದ. ಆ ವಾರವೇ ಪುಣೆಯ ಒಬ್ಬ ಹುಡುಗ ಯಮನಪ್ಪನ ಮನೆಯ ಮರಿ ತರಬಹುದೇ ಎಂದು ಫೋರಂನಲ್ಲಿ ಕೇಳಿದ. ಗಿರಿಮಲ್ಲಪ್ಪನ ಬೆರಳು ಹೀಗೆ ಹೆಕ್ಕಿತು: "ಬೆಳಗಲಿ ಯಮನಪ್ಪನ ಮನಿ ಹೆಣ್ಣು ತರಬ್ಯಾಡ್ರಿ. ನೋಡಾಕ ಛಲೋ ಅದಾವ, ಬೆರಕಿ ಅದಾವ. ಮೂರು ತಲಿಯಿಂದ ನಾ ಬಲ್ಲೆ."

ಬೆರಕಿ ಎಂದರೆ ನಾಯಿ ಸಾಕುವವರ ಬಾಯಲ್ಲಿ ತಳಿ ಬೆರೆತದ್ದು. ಉಳಿದವರ ಬಾಯಲ್ಲಿ ಅದು ಬೇರೆ. ಕಪಟಿಗೂ ಬೆರಕಿ ಅನ್ನುತ್ತಾರೆ, ಹುಟ್ಟು ಶುದ್ಧವಿಲ್ಲದವರಿಗೂ ಅನ್ನುತ್ತಾರೆ. ಇನ್ನು ನಮ್ಮ ಕಡೆ ಹೆಣ್ಣುಮಕ್ಕಳ ವಿಷಯ ಆಡುವಾಗ 'ಬಂತು, ಹೋತು, ಛಲೋ ಐತಿ' ಎಂದೇ ಆಡುವುದು. ಹುಡುಗಿಗೂ ಆಕಳಿಗೂ ಒಂದೇ ಕ್ರಿಯಾಪದ. ಅದರಲ್ಲಿ ತಾತ್ಸಾರವಿಲ್ಲ, ಅಕ್ಕರೆಯೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇರಬಹುದು.

ಎರಡು ವರ್ಷ ಕಳೆಯಿತು. ಮೊಂಡು ಮೂತಿಯ ಆ ಮರಿಯನ್ನು ಯಾರೂ ಒಯ್ಯಲಿಲ್ಲ, ಕಾವೇರಿ ಸಾಕಿಕೊಂಡಳು. ಒಂದು ಮುಂಜಾನೆ ಗಿರಿಮಲ್ಲಪ್ಪ ತೋಟದಲ್ಲಿದ್ದಾಗ ಕಬ್ಬಿನ ಕೂಳೆಯಿಂದ ಮೊಲವೊಂದು ಎದ್ದಿತು, ನಾಯಿ ಬೆನ್ನಟ್ಟಿತು. ಅದರ ಕಾಲುಗಳು ನೆಲಕ್ಕೆ ಮುಟ್ಟುತ್ತಿವೆಯೋ ಇಲ್ಲವೋ ತಿಳಿಯಲಿಲ್ಲ. ಮೊಲ ತಿರುಗುವ ಮೊದಲೇ ನಾಯಿಯ ಬೆನ್ನು ತಿರುಗಿರುತ್ತಿತ್ತು. ಗಿರಿಮಲ್ಲಪ್ಪನ ಬಿಗಿದ ಮುಷ್ಟಿ ತಾನಾಗಿ ಎದೆಯ ಹತ್ತಿರ ಬಂತು. ಹೇಗಿದೆ ಎಂದು ಯಮನಪ್ಪ ಕೇಳಿದ. ಓಡತೈತಿ ಎಂದಷ್ಟೇ ಇವನು ಅಂದ. ಆ ಸಂಜೆ ನೆಟ್ ಸೆಂಟರಿಗೆ ಹೋಗಿ ಬರೆದ: "ಬೆಳಗಲಿ ಯಮನಪ್ಪನ ನಾಯಿ ಸಾಚಾ. ನನ್ನ ತೂಕ ತಪ್ಪಿತ್ತು." ಇಡೀ ಆಯುಷ್ಯದಲ್ಲಿ ಅವನು ಹಿಂದಕ್ಕೆ ತೆಗೆದುಕೊಂಡ ಮಾತು ಅದೊಂದೇ. ಅಂದು ಊಟ ಸೇರಲಿಲ್ಲ. ಏನಾಯಿತೆಂದು ಸಾವಿತ್ರೆವ್ವ ಕೇಳಿದರೆ ಗೋಡೆಯ ಕಡೆ ಹೊರಳಿದ. ಮೊದಲ ಮಾತನ್ನು ಎಷ್ಟೋ ಮಂದಿ ತಮ್ಮ ತಮ್ಮ ಬರಹದಲ್ಲಿ ಎತ್ತಿ ಬರೆದು ಕಾಕಾಗೆ ಶರಣೆಂದಿದ್ದರು. ಈ ಎರಡನೆಯದಕ್ಕೆ ಒಬ್ಬನೂ ಹೂಂ ಅನ್ನಲಿಲ್ಲ. ಯಮನಪ್ಪನಿಗೆ ಮೊದಲಿನದೂ ಗೊತ್ತಿರಲಿಲ್ಲ, ಎರಡನೆಯದೂ ಗೊತ್ತಿರಲಿಲ್ಲ. ಗಿರಿಮಲ್ಲಪ್ಪ ಮಾತ್ರ ಜಗತ್ತಿಗೆಲ್ಲ ಸಾರಿ ಬಂದೆನೆಂದು ತಿಳಿದು ಮುಂದಿನ ವಾರ ಅವನ ಮನೆಯಲ್ಲಿ ಹೋಳಿಗೆ ಉಂಡು ಬಂದ.

ಎರಡು ಸಾವಿರದ ಹದಿನಾಲ್ಕರಲ್ಲಿ ಕಾವೇರಿಗೆ ಜಮಖಂಡಿಯ ಒಂದು ಸಂಬಂಧ ಕೂಡಿಬಂತು. ಹುಡುಗನಿಗೆ ಬ್ಯಾಂಕಿನಲ್ಲಿ ನೌಕರಿ, ಅವನ ತಂದೆ ಶಿದ್ರಾಮಪ್ಪ ಹತ್ತಿ ವ್ಯಾಪಾರದವರು, ನಾಲ್ಕು ಮಂದಿಯಲ್ಲಿ ಮಾತು ನಡೆಯುವ ಮನೆತನ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ನಿಶ್ಚಯಕ್ಕೆ ಸೀರೆ ಉಡಿಸುವ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಶಿದ್ರಾಮಪ್ಪನ ಅಳಿಯ, ಹೊಸ ಮೊಬೈಲಿನ ಹುಮ್ಮಸ್ಸಿನವನು, ಬೀಗರಾಗುವವರ ಊರು ಹೆಸರು ಹಾಕಿ ನೆಟ್ಟಿನಲ್ಲಿ ಹುಡುಕಿದ. ಅಂಗೈಯಗಲದ ಆ ಪರದೆಯಲ್ಲಿ ಎರಡೇ ಸಾಲು ಮೇಲೆದ್ದು ಬಂದವು. ಅವನು ಅದನ್ನು ಒತ್ತಿ ಒಳಗೆ ಹೋಗಿ ನೋಡಲಿಲ್ಲ. ಹಿರಿಯರ ನಡುವೆ ಕೂತು ಗಟ್ಟಿಯಾಗಿ ಓದಿದ. ಬೆಳಗಲಿ ಯಮನಪ್ಪನ ಮನಿ ಹೆಣ್ಣು ತರಬ್ಯಾಡ್ರಿ, ಬೆರಕಿ ಅದಾವ, ಮೂರು ತಲಿಯಿಂದ ನಾ ಬಲ್ಲೆ. ಬರೆದವರು ಯಾರೆಂದು ನೋಡಿದರೆ ಹುಡುಗಿಯ ತಂದೆಯ ಜೀವದ ಗೆಳೆಯ, ಮಾತಿಗೆ ತಪ್ಪದ ಕಾಟಾದ ಗಿರಿಮಲ್ಲಪ್ಪ. ಇದು ನಾಯಿಯ ವಿಷಯ ಎಂದು ನಡುವಿನವರು ಓಡಿಹೋಗಿ ತಿಳಿಸಿ ಹೇಳಿದರು. ಶಿದ್ರಾಮಪ್ಪ ತಲೆಯಾಡಿಸಿ, ತಿಳಿದವರು ನೇರ ಹೇಳಲಾಗದ್ದನ್ನು ನಾಯಿಯ ಹೆಸರು ಮುಂದೆ ಮಾಡಿಯೇ ಹೇಳುತ್ತಾರೆ ಅಂದರಂತೆ.

ಯಮನಪ್ಪ ಮರುದಿನ ಮಧ್ಯಾಹ್ನ ಮುಧೋಳಕ್ಕೆ ಬಂದ. ಕಟ್ಟೆಯ ಕೆಳಗೆ ನಿಂತ, ಚಪ್ಪಲಿ ಬಿಡಲಿಲ್ಲ. ಸಾವಿತ್ರೆವ್ವ ನೀರು ತಂದರೆ ತಂಬಿಗೆಯನ್ನು ಕೈಗೆ ತೆಗೆದುಕೊಂಡು ಕಟ್ಟೆಯ ಮೇಲೆ ಇಟ್ಟ.

"ನನ್ನ ನಾಯಿಗೆ ಏನರೇ ಅನ್ಕೋಲೇ ಗಿರಿಮಲ್ಲ, ಅದಕ್ಕ ಓದಾಕ ಬರೂದಿಲ್ಲ," ಅಂದ. "ನನ್ನ ಮಗಳಿಗೆ ಬರತೈತಿ. ಅದನ್ನ ತಗಿ."

ಗಿರಿಮಲ್ಲಪ್ಪ ಮೊದಲು ಗದರಿದ. ಮುಂದೆ ದನಿ ಇಳಿಸಿ, ಅದರ ಕೆಳಗೆ ತಪ್ಪಾಯಿತೆಂದೂ ಬರೆದಿರುವೆ, ಏಳು ವರ್ಷ ಹಿಂದೆಯೇ ಬರೆದಿರುವೆ, ಜಮಖಂಡಿಯವರಿಗೆ ಅದನ್ನು ತೋರಿಸು ಅಂದ. ಹೊರಡಲು ತಿರುಗಿದ ಯಮನಪ್ಪ ಅಂದ:

"ಹೊಲಸು ಬಳೀಪಾ ಅಂದ್ರ, ಬಾಜೂಕ ಊದಿನಕಡ್ಡಿ ಹಚ್ಚೇನಿ ಅಂತೀಯಲ್ಲೋ."

ಹಾಗೆ ಅಂದವನು ಬಸ್ಸಿನ ದಾರಿ ಹಿಡಿದ. ತಂಬಿಗೆಯ ನೀರು ಹಾಗೆಯೇ ಇತ್ತು. ಗಿರಿಮಲ್ಲಪ್ಪ ಅದನ್ನೇ ನೋಡುತ್ತ ಕೂತ. ಐವತ್ತು ವರ್ಷದ ಗೆಳೆತನದಲ್ಲಿ ಆ ಮನೆಯ ನೀರನ್ನು ಯಮನಪ್ಪ ಬೇಡವೆಂದದ್ದು ಅದೇ ಮೊದಲು.

ಸೊಸೆ ವೈಶಾಲಿ ಕಂಪ್ಯೂಟರ್ ಕಲಿತವಳು. ಆಗ ಮನೆಗೂ ಒಂದು ಕಂಪ್ಯೂಟರ್ ಬಂದಿತ್ತು. ಒಂದು ಮಾತನ್ನಷ್ಟೇ ತೆಗೆಯಲು ಆಗುವುದಿಲ್ಲ, ತೆಗೆದರೆ ಕಾಕಾ ಎಂಬ ಹೆಸರಿನಲ್ಲಿ ಇಷ್ಟು ವರ್ಷ ಬರೆದದ್ದೆಲ್ಲ ಹೋಗುತ್ತದೆ ಎಂದು ಅವಳು ತೋರಿಸಿಕೊಟ್ಟಳು. ಅವಳ ಅಭಿಪ್ರಾಯ ತೆಗೆಯಬಾರದೆಂದೇ ಇತ್ತು. "ಎರಡೂ ಇರಲಿರಿ ಮಾವಾರ. ತಪ್ಪೂ ನಿಮ್ಮ ಹೆಸರಿನ್ಯಾಗ ಇರಲಿ, ತಿದ್ದಿದ್ದೂ ನಿಮ್ಮ ಹೆಸರಿನ್ಯಾಗ ಇರಲಿ. ಅದನ್ನ ತೋರಸಾಕರ ಬರತೈತಿ. ಮತ್ತ ಬ್ಯಾರೇದವರು ಎತ್ತಿ ಬರದದ್ದು ಇರತೈತೆಲ್ಲರಿ, ಅದು..."

"ಕಾಟಾ ಆತು," ಅಂದ ಗಿರಿಮಲ್ಲಪ್ಪ.

ವೈಶಾಲಿಯ ಆ ಕೊನೆಯ ಮಾತನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಅವನ ತಲೆಯಲ್ಲಿದ್ದದ್ದು ತಾನು ಬಿಟ್ಟುಕೊಡುವುದರ ಭಾರ ಮಾತ್ರ. ಗೆಳೆಯನಿಗಾಗಿ ತನ್ನ ಬರಹವನ್ನೆಲ್ಲ ನೀರಿಗೆ ಬಿಡುತ್ತಿದ್ದೇನೆ, ಇದಕ್ಕಿಂತ ದೊಡ್ಡ ದಂಡ ಯಾವುದು ಎಂಬ ಒಂದು ಬಗೆಯ ಉಬ್ಬು ಅವನ ಮುಖದ ಮೇಲಿತ್ತು. ಪರದೆಯಲ್ಲಿ ಬಂದ ಪ್ರಶ್ನೆಯನ್ನು ವೈಶಾಲಿ ಕನ್ನಡದಲ್ಲಿ ಹೇಳಿದಳು: ಎಲ್ಲಾ ಅಳಸಲೇನು ಅಂತ ಕೇಳಾಕತ್ತೈತ್ರಿ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸಾವಿತ್ರೆವ್ವನಿಗೆ ಅಷ್ಟೇ ಕೇಳಿಸಿತು. "ಇನ್ನ ಯಾರನ್ನ ಅಳಸತೈತೆವ್ವಾ ಅದು?" ಅಂದಳು. ಬಡಿಯುವ ಸದ್ದು ನಿಂತಿತು. ಗಿರಿಮಲ್ಲಪ್ಪ ಅದೇ ಒಂದು ಬೆರಳಿನಿಂದ ಒತ್ತಿದ.

ಮರುದಿನ ಕೋಟು ತೊಟ್ಟು, ಇಲ್ಲದ ನಾಯಿಯ ಹಿಂದೆ ಜಮಖಂಡಿಗೆ ಹೋದ. ಶಿದ್ರಾಮಪ್ಪನವರು ಗಾದಿಯ ಮೇಲೆ ಕೂರಿಸಿ ಚಹಾ ಕೊಟ್ಟರು, ಬಹಳ ಮರ್ಯಾದೆಯಿಂದ ನಡೆಸಿಕೊಂಡರು. ಗಿರಿಮಲ್ಲಪ್ಪ ಎಲ್ಲವನ್ನೂ ಹೇಳಿದ. ಅದು ನಾಯಿಯ ಮಾತು, ಆ ನಾಯಿಯ ವಿಷಯದಲ್ಲೂ ಅದು ತಪ್ಪು ಮಾತು, ತಪ್ಪೆಂದು ತಾನೇ ಬರೆದಿದ್ದೆ. ಎಲ್ಲಿ, ತೋರಿಸಿರಿ ಎಂದರು ಅವರು. ಅಳಿಸಿದೆ ಎಂದ ಇವನು. ಅಳಿಯ ಮೊಬೈಲು ಹಿಡಿದು ಮುಂದೆ ಬಂದ. ಗಿರಿಮಲ್ಲಪ್ಪ ಬರೆದದ್ದು ಅಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಆದರೆ ಪುಣೆಯ ಹುಡುಗ ಎತ್ತಿ ಬರೆದದ್ದಿತ್ತು, ಕೊಲ್ಲಾಪುರದವನು ಎತ್ತಿ ಬರೆದದ್ದಿತ್ತು, ಇನ್ನೂ ಯಾರು ಯಾರದೋ ಇತ್ತು. ಪ್ರತಿಯೊಂದರ ನೆತ್ತಿಯ ಮೇಲೂ 'ಗಿರಿಮಲ್ಲಪ್ಪ ಕಾಕಾ ಹೇಳಿದ್ದು' ಎಂದಿತ್ತು, ಕೆಳಗೆ ಬೆರಕಿ ಎಂದಿತ್ತು. ತಪ್ಪಾಯಿತು ಅಂದದ್ದನ್ನು ಯಾರೂ ಎತ್ತಿ ಬರೆದಿರಲಿಲ್ಲವಲ್ಲ, ಅದು ಒಂದಿದ್ದದ್ದು ಇವನ ಬೆರಳಿನಿಂದಲೇ ಹೋಗಿತ್ತು.

ಶಿದ್ರಾಮಪ್ಪ ನಿಧಾನವಾಗಿ ಹೇಳಿದರು: "ನಿಮ್ಮ ಮ್ಯಾಲೆ ನಮಗ ಬ್ಯಾಸರಿಲ್ರಿ. ಬರೆಯೂವಾಗ ಖರೆ ಬರದೀರಿ. ಈಗ ಗೆಳೆಯಾನ ಮಾರಿ ನೋಡಿ ಅಳಿಸೀರಿ. ಸುಳ್ಳ ಇದ್ರ ಯಾಕ ಅಳಸತಿದ್ರಿ?"

ಇನ್ನು ಏನು ಹೇಳಿದರೂ ಅದು ತೂಕ ಬಿದ್ದ ಮೇಲೆ ಕಬ್ಬಿನವನು ಆಡುವ ಮಾತಿನಂತೆ ಕೇಳಿಸುತ್ತಿತ್ತು.

ಮನೆಗೆ ಬಂದವನು ವೈಶಾಲಿಯನ್ನು ಕೂರಿಸಿ, ಹೊಸ ಹೆಸರಿನಿಂದ ಫೋರಂನಲ್ಲಿ ಬರೆಯಿಸಿದ: ಆ ಮಾತು ಸುಳ್ಳು, ಯಮನಪ್ಪನ ನಾಯಿ ಸಾಚಾ. ಹತ್ತು ನಿಮಿಷದಲ್ಲಿ ಕಾಕಾನ ಶಿಷ್ಯರು ಮುತ್ತಿಕೊಂಡರು. ನೀ ಯಾರು? ಕಾಕಾ ಹೋದ ತಕ್ಷಣ ಕಾಕಾನ ಮಾತು ಸುಳ್ಳಾಯಿತೇ? ಯಮನಪ್ಪ ನಿನಗೆಷ್ಟು ಕೊಟ್ಟ? ನಾನೇ ಕಾಕಾ ಎಂದು ಬರೆಯಿಸಿದರೆ, ಕಾಕಾನ ಹೆಸರು ಹೇಳಿಕೊಂಡು ಬರಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದರು. ಅವರಲ್ಲೊಬ್ಬ ಹಳೆಯ ಮಾತನ್ನು ಮತ್ತೊಮ್ಮೆ ಎತ್ತಿ ಬರೆದು ಅದರ ಕೆಳಗೆ ಬರೆದಿದ್ದ: ಕಾಕಾ ಒಂದು ಸಲ ಅಂದ್ರು ಅಂದ್ರ ಕಾಟಾ ಆತು. ತನ್ನ ಮಾತೇ ತನ್ನ ಮೇಲೆ ಬಾಗಿಲು ಹಾಕಿಕೊಂಡದ್ದನ್ನು ಗಿರಿಮಲ್ಲಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದ.

ಜಮಖಂಡಿಯ ಸಂಬಂಧ ಮುರಿಯಿತು. ಆಮೇಲೆ ಬಂದ ಎರಡೂ ಅರ್ಧಕ್ಕೇ ನಿಂತವು. ಕಾರಣ ಯಾರೂ ಹೇಳಲಿಲ್ಲ, ಎಲ್ಲರ ಕೈಯಲ್ಲೂ ಮೊಬೈಲಿತ್ತು. ಕೊನೆಗೆ ಕಾವೇರಿಯನ್ನು ಬೀಳಗಿಯ ಕಡೆ, ಅಣೆಕಟ್ಟಿನ ಹಿನ್ನೀರಿಗೆ ಹೊಲ ಮುಳುಗಿ ಹೊಸ ಊರಿಗೆ ಬಂದು ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹೆಂಡತಿ ಸತ್ತವನಿಗೆ ಕೊಟ್ಟರು. ಎರಡನೆಯ ಸಂಬಂಧದವರು ಮೂರು ತಲೆಯ ಲೆಕ್ಕ ಕೇಳುವುದಿಲ್ಲ. ಯಮನಪ್ಪ ನಾಯಿಗಳನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಟ್ಟ, ಮುಧೋಳದ ಬಸ್ಸು ಹತ್ತುವುದನ್ನು ಬಿಟ್ಟ.

ಮದುವೆಗೆ ಮುಂಚೆ ಕಾವೇರಿ ಒಮ್ಮೆ ಬಂದಿದ್ದಳು. ಸಾವಿತ್ರೆವ್ವನ ಕೈಲಿ ಕುಂಕುಮ ಹಚ್ಚಿಸಿಕೊಂಡು, ಹೊರಡುವಾಗ ಗಿರಿಮಲ್ಲಪ್ಪನ ಎದುರು ನಿಂತಳು. ಅವಳು ಜಗಳಕ್ಕೆ ಬಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಕಾಕಾ, ನಮ್ಮ ನಾಯಿ ಸಾಚಾ ಅಂತ ಬರದಿದ್ರಂತಲ್ಲ, ವೈಶಾಲಿ ಅಕ್ಕ ಹೇಳಿದ್ರು. ಮರುವಾರ ನಮ್ಮನಿಗೆ ಹೋಳಿಗಿ ಉಣ್ಣಾಕ ಬಂದಿದ್ರಿ, ನಾನ ಬಡಿಸಿದ್ನಿ. ಅವತ್ತ ಅಪ್ಪಗ ಒಂದ ಮಾತ ಹೇಳಿದ್ರ, ಇನ್ನೊಂದ ಹೋಳಿಗಿ ಹಾಕತಿದ್ನಿ. ಮುಗದ ಹೋಗತಿತ್ತು."

ಗಿರಿಮಲ್ಲಪ್ಪನ ತುಟಿ ಅಲುಗಿತು. ಕಾಟಾ ಎಂಬುದರ ಮೊದಲ ಅಕ್ಷರವೋ, ಕಾವೇರಿ ಎಂಬುದರದೋ, ಹೊರಗೆ ಬರಲಿಲ್ಲ. ಕೋಟಿನ ಜೇಬಿನಲ್ಲಿ ಕೈ ಇಳಿಸಿದ, ರೊಟ್ಟಿಯ ಚೂರು ಸಿಕ್ಕಿರಬೇಕು, ಹಾಗೆಯೇ ಕೈ ಹೊರಗೆ ತೆಗೆದ. ಅವಳು ಹೋದಳು.

ಅಲ್ಲಿಂದ ಮುಂದೆ ಅವನ ನಡಿಗೆ ಬದಲಾಯಿತು. ಮುಷ್ಟಿ ಬಿಚ್ಚಿಹೋಯಿತು, ಬಲಗೈ ಪಕ್ಕದಲ್ಲಿ ಜೋಲುತ್ತಿತ್ತು. ಓಣಿಯವರು ವಯಸ್ಸಾಯಿತು ಅಂದರು. ಸಾವಿತ್ರೆವ್ವ ಅವನ ಮುಂದೆ ನಡೆಯತೊಡಗಿದಳು. ಬಿಟ್ಟುಹೋದ ನಾಯಿಯಾದರೆ ಹಸಿದಾಗ ಮನೆಗೆ ಬಂದೀತು, ಹೆಸರು ಹಿಡಿದು ಕೂಗಿದರೆ ಎಲ್ಲೋ ನಿಂತು ಕಿವಿ ನಿಮಿರಿಸೀತು. ಅವನ ಹಗ್ಗದಿಂದ ಬಿಟ್ಟುಹೋದದ್ದು ಮಾತು, ಅದು ಅಂಥದ್ದಲ್ಲ.

ಎಲ್ಲ ಊರಲ್ಲೂ ಇಂಥವರು ಒಬ್ಬಿಬ್ಬರು ಇರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಆಡುವವರೆಂದು ಊರು ಅವರಿಗೆ ಎದ್ದು ನಿಂತು ಜಾಗ ಕೊಡುತ್ತದೆ. ಒಬ್ಬರ ಕುಂದನ್ನು ನೂರು ಮಂದಿಯ ನಡುವೆ ಆಡುವಷ್ಟು ಗಂಟಲು ಅವರಿಗಿರುತ್ತದೆ. ತಮ್ಮ ಕುಂದನ್ನು ಆ ಒಬ್ಬರ ಹೊಸ್ತಿಲಲ್ಲಿ ಆಡಬೇಕಾಗಿ ಬಂದಾಗ ಮಾತ್ರ ಅದನ್ನು ಯಾರಿಗೂ ಕೇಳಿಸದ ಜಾಗದಲ್ಲಿ ಆಡಿ, ಕೈ ತೊಳೆದುಕೊಂಡು, ಅದೇ ಹೊಸ್ತಿಲು ದಾಟಿ ಉಣ್ಣಲು ಕೂರುತ್ತಾರೆ. ಇವರ ಪಕ್ಕದಲ್ಲಿ ಸುಳ್ಳುಗಾರರೇ ವಾಸಿ ಎಂದು ಈ ವಯಸ್ಸಿನಲ್ಲಿ ನನಗೆ ಅನ್ನಿಸುತ್ತದೆ. ಸುಳ್ಳುಗಾರ ಆಡಿದ ಸುಳ್ಳು ನಾಲ್ಕು ದಿನಕ್ಕೆ ತಾನೇ ಒಣಗಿ ಉದುರುತ್ತದೆ. ಖರೆ ಮನುಷ್ಯ ಆಡಿದ ಒಂದು ತಪ್ಪು ಮಾತನ್ನು ಅವನೇ ಬಂದು ತಪ್ಪೆಂದು ಆಣೆ ಮಾಡಿದರೂ ಊರು ನಂಬುವುದಿಲ್ಲ.